ಮುತ್ತೊರೆಯಲ್ಲಿ ಹನ್ನೊಂದು ಸೆಕೆಂಡು

ಹೊರಗೆ ಕಾವಳ. ಚಾಚಿದ ಕೈ ಕಾಣದು.
ಚಂದ್ರ ಎಲ್ಲಿದ್ದಾನೆಂದು ಪಂಚಾಂಗವೇ ಹೇಳಬೇಕು,
ಹೇಳಿದೆ: ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ
ಅವನ ಅಂಚು ಅದನ್ನು ಮುಚ್ಚುತ್ತದೆ.

ಅದು ಎಂದರೆ ಪಟ್ಟಿಯಲ್ಲೊಂದು ನಂಬರು, ಒಂದು ಕ್ವೇಸಾರು.
ಅದರ ಸದ್ದು ಅಲ್ಲಿಂದ ಹೊರಟಾಗ ನೀಲಗಿರಿ ಇರಲಿಲ್ಲ,
ಗಿರಿ ಹಾಗಿರಲಿ, ಭೂಮಿಯೇ ಇರಲಿಲ್ಲ.

ಇಳಿಜಾರಿನುದ್ದಕ್ಕೆ ಅರ್ಧ ಕಿಲೋಮೀಟರು ತಂತಿ,
ಸಾವಿರಕ್ಕೂ ಮಿಕ್ಕಿದ ಎಳೆ,
ಮಗ್ಗಕ್ಕೆ ಹಾಸು ಹೂಡಿದಂತೆ ಜೋಗಿ ಬಿಗಿದದ್ದು.
ಇಷ್ಟು ದೊಡ್ಡ ಕಿವಿಗೂ
ಅದು ಒಂದು ಚುಕ್ಕೆಯೋ ಎರಡೋ ತಿಳಿಯದು.
ಚಂದ್ರ ಬೇಕಾದದ್ದು ಅದಕ್ಕೇ:
ಕದ ಮುಚ್ಚುವಾಗ ಸಂದಿಯ ಬೆಳಕು ಹೇಗೆ ಆರಿತೆಂದು ನೋಡಿ
ಒಳಗೆ ಎಷ್ಟು ದೀಪವೆಂದು ಎಣಿಸಿದ ಹಾಗೆ.

"ಅದು ಒಳ್ಳೆಂಗೆ ಇದೆಯಾ ಮೇಡಂ?"
ಜೋಗಿ ದಿನಾ ಕೇಳುವುದು ಹೀಗೆ,
ತನ್ನ ಬಡಗು ಮಾತು ಅರ್ಧ, ನನ್ನ ಗುಂಡ್ಲುಪೇಟೆ ಕನ್ನಡ ಅರ್ಧ.
ಇದ್ದರೆ ಇದ್ದೀತು, ಇದು ಹಳೇ ಕಾಗದ, ಅನ್ನುತ್ತೇನೆ.

ಎರಡು ಹದಿನಾಲ್ಕು.
ಹಸಿರು ಶಾಯಿಯ ಪೆನ್ನು ಒಮ್ಮೆ ನಡುಗಿ
ಒಂದು ಮೆಟ್ಟಿಲು ಇಳಿಯಿತು. ನಿಂತಿತು.
ಕಾಗದ ಮಾತ್ರ ಸರಿಯುತ್ತಿತ್ತು.
ಹತ್ತು. ಹನ್ನೊಂದು.
ಇನ್ನೊಂದು ಮೆಟ್ಟಿಲು.

ಎರಡು! ಎಂದೆ, ಖಾಲಿ ಕೋಣೆಗೆ.

ಒಂದು ಕಡೆ ಕಂಡದ್ದು ಸಾಲದು.
ಮೂರು ಒಂಬತ್ತಕ್ಕೆ ಚಂದ್ರನ ಆ ಬದಿಯಿಂದ ಹೊರಬರುವಾಗ
ಮತ್ತೆ ಎರಡು ಮೆಟ್ಟಿಲು ಹತ್ತಬೇಕು.
ಟೀ ಆರಿತು. ತಂತಿಯಿಂದ ಮಂಜು ತೊಟ್ಟಿಕ್ಕುತ್ತಿತ್ತು.
ಮೂರು ಎಂಟಕ್ಕೆ ಪೆನ್ನು ಹುಚ್ಚು ಹಿಡಿದಂತೆ
ಕಾಗದದಂಚಿಗೆ ಹಾರಿ ಬಿತ್ತು. ಮತ್ತೆ. ಮತ್ತೆ.
ಒಂಬತ್ತು ಸಲ ಒದ್ದ ಮೇಲೆ, ಕೆಳಗೆಲ್ಲೋ, ಹತ್ತಿತು
ಹಳೇ ಲ್ಯಾಂಬ್ರೆಟಾ.

ಪೆಟ್ರೋಲ್ ಬಂಡಿ ಮೇಲೆ ತರಬಾರದು,
ಪ್ಲಗ್ಗಿನ ಕಿಡಿಯೂ ನಮ್ಮ ಕಿವಿಗೆ ಸಿಡಿಲು.
ಬೋರ್ಡು ಬರೆದವನು ಜೋಗಿಯೇ.
ಈ ದಾರಿಗೆ ಚಂದ್ರ ಮತ್ತೆ ಬರುವುದು ಹದಿನೆಂಟು ವರ್ಷಕ್ಕೆ.
ಅಷ್ಟರಲ್ಲಿ ನನಗೆ ಐವತ್ತೆರಡು.

ಬೆಳಿಗ್ಗೆ ಬಂದ. ಬೂಟಿನ ತುಂಬ ಆಲೂಗೆಡ್ಡೆ ಹೊಲದ ಕೆಸರು.
ತಮ್ಮ ಓಡಿಬಂದು ಕರೆದನಂತೆ, ಹಂದಿ ನುಗ್ಗಿದೆಯೆಂದು.
ಕಾಗದ ಹಾಸಿ ತೋರಿಸಿದೆ, ಬೈಯಲೆಂದೇ.
ತನ್ನ ಒಂಬತ್ತು ಒದೆತವನ್ನು ಬೆರಳಿಟ್ಟು ಎಣಿಸಿದ,
ಆಮೇಲೆ ಮೆಲ್ಲಗೆ, "ಅದು ಒಳ್ಳೆಂಗೆ..."

ಎರಡಿರಬಹುದು, ಎಂದೆ. ಅರ್ಧ ಗೊತ್ತು.
ಹಂದಿ ಎಷ್ಟು?

ಟೋಪಿ ತೆಗೆದು ತಲೆ ಕೆರೆದ.
"ಮಂಜು ಮೇಡಂ, ಏನೂ ಕಾಣಲಿಲ್ಲ.
ಸದ್ದಿನ ಮೇಲೆ ಹೇಳುವುದಾದರೆ,
ಒಂದಂತೂ ಅಲ್ಲ."