ಅಂಗೈಗೆ ಹೇಳಿದ್ದು

ಹೋಬರ್ಟ್. ಜುಲೈ. ಸಭಾಂಗಣದ ಹೀಟರು ಕೆಟ್ಟಿತ್ತು.
ವೇದಿಕೆಯ ಮೇಲೆ ತತ್ವಜ್ಞಾನಿ. ಮೂರನೆಯ ಸಾಲಿನಲ್ಲಿ
ಕ್ಲೆಮ್ ಹ್ಯಾರಿಗನ್, ಮೊಣಕಾಲಿಗೆ ಮೊಣಕಾಲು ತಾಗಿಸಿ ನಾನು.
ಅವನಿಗೆ ಕಣ್ಣು ಕಾಣದು, ಕಿವಿ ಕೇಳದು.
ನನ್ನ ಕೈಗಳ ಮೇಲೆ ಕೈಯಿಟ್ಟು
ಸನ್ನೆಗಳನ್ನು ಮುಟ್ಟಿ ಓದುತ್ತಾನೆ.
ಗಂಟೆಗೆ ಇಷ್ಟೆಂದು ನನಗೆ ಕೂಲಿ.

ನಮ್ಮ ಕಸುಬಿಗೆ ನೇಮವಿದೆ:
ಕೂಡಿಸಬಾರದು, ಕಳೆಯಬಾರದು.
ಅವರು 'ನಾನು' ಅಂದರೆ ನನ್ನ ಬೆರಳೂ 'ನಾನು'.

ಮಾತುಗಾರ ಕೆಟ್ಟವನಲ್ಲ. ಸಂಬಳದ ಮೂರನೇ ಒಂದು ಪಾಲು
ಹಸಿದವರಿಗಂತೆ. ಸ್ವೆಟರಿನ ತೋಳಿಗೆ ತೇಪೆ.
ಲೆಕ್ಕ ಬಿಡಿಸುವ ಮೇಷ್ಟ್ರ ಹಾಗೆ ಮೆತ್ತಗೆ ಹೇಳಿದ:
"ಕೆಲವು ಕೂಸುಗಳು ಹುಟ್ಟದಿದ್ದರೆ,
ಹುಟ್ಟಿಯೂ ಉಳಿಯದಿದ್ದರೆ,
ಲೋಕದ ಒಟ್ಟು ಸುಖ ಹೆಚ್ಚೀತು
ಎಂದು ನಾನು ನಂಬುತ್ತೇನೆ."

ನಾನು ನಂಬುತ್ತೇನೆ
ಎಂದವು ನನ್ನ ಕೈ, ಅವನ ಕೈಯೊಳಗೆ.
ಕೈಕೊಡುವುದು ಎಂಬುದಕ್ಕೆ ನನ್ನ ನುಡಿಯಲ್ಲಿ ಎರಡರ್ಥ.
ಆ ಸಂಜೆ ಎರಡೂ ಆಯಿತು.

'ಮತ್ತೆ ಹೇಳು' ಎಂದ ಕ್ಲೆಮ್.
ಹೇಳಿದೆ. ಏನೂ ಕಳೆಯದೆ.
ಮೂನಾದಲ್ಲಿ ಅವನದು ಸೈಕಲ್ ರಿಪೇರಿ.
ಡೊಂಕು ಚಕ್ರವನ್ನು ತಿರುಗಿಸುತ್ತ, ಕಡ್ಡಿ ಕಡ್ಡಿ ಮುಟ್ಟುತ್ತ
ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹುಡುಕುವ ಬೆರಳು
ನನ್ನ ಮಣಿಕಟ್ಟಿನಲ್ಲಿ ತಡೆದು ನಿಂತಿತು.
'ಈ ನಡುಕ ಅವನದೋ, ನಿನ್ನದೋ?'

ಉತ್ತರ ಕೊಟ್ಟರೆ ಕೂಡಿಸಿದಂತೆ.
ಕೊಡಲಿಲ್ಲ.

ರಾಣೆಬೆನ್ನೂರಿನ ಓಣಿಯಲ್ಲಿ ನಾವೂ ಒಮ್ಮೆ
ಕಾಲೆಳೆದು ನಡೆವ ನೀಲವ್ವನನ್ನು
'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಗೆರೆಯಂಚಿಗೆ ನಿಲ್ಲಿಸಿದ್ದೆವು.
ತತ್ವಶಾಸ್ತ್ರ ಓದಿರಲಿಲ್ಲ ಯಾರೂ.

ಪ್ರಶ್ನೆಯ ಹೊತ್ತು. ಅವನ ಸನ್ನೆಗೆ ನಾನು ದನಿ:
"ಸ್ವಾಮಿ, ನಾನು ಹುಟ್ಟುತ್ತಲೇ ಹೀಗೆ. ಈಗ ಅರವತ್ತೆಂಟು.
ಬೆಳಗ್ಗೆ ಟೋಸ್ಟು ತಿಂದೆ, ತುಸು ಸೀದಿತ್ತು.
ಅದನ್ನು ನಿಮ್ಮ ಮೊತ್ತದಲ್ಲಿ ಯಾವ ಕಾಲಮ್ಮಿಗೆ ಬರೆದಿರಿ?
ನಾನಾದರೆ ಸುಖದ ಕಡೆಗೆ ಬರೆಯುತ್ತಿದ್ದೆ."

ಸಭೆ ನಕ್ಕಿತು. ತತ್ವಜ್ಞಾನಿಯೂ.
"ನಾನು ಹೇಳಿದ್ದು ನಿಮ್ಮ ಬಗ್ಗೆ ಅಲ್ಲ" ಎಂದ, ವಿನಯದಿಂದ.
ಅದನ್ನೂ ಅಂಗೈಗೆ ದಾಟಿಸಿದೆ.
ಕ್ಲೆಮ್ ನಗಲಿಲ್ಲ. 'ಹಾಗಾದರೆ ಯಾರ ಬಗ್ಗೆ?' ಎಂದ.
ಅಷ್ಟರಲ್ಲಿ ಮೈಕು ಬೇರೆಯವರ ಕೈಗೆ ಹೋಗಿತ್ತು.

ಬಸ್‌ಸ್ಟಾಪಿನಲ್ಲಿ ಬೆಟ್ಟದ ಮಂಜಿನ ಗಾಳಿ.
ಕೂಲಿಯ ಗಂಟೆ ಮುಗಿದಿತ್ತು.
ಕೇಳದಿದ್ದರೂ ಅವನ ಕೈ ಹಿಡಿದು
'ಆ ನಡುಕ ನನ್ನದು' ಎಂದೆ.
'ಗೊತ್ತು' ಎಂದ.
ಆಮೇಲೆ, 'ಗ್ಲೌಸ್ ತೊಟ್ಟುಕೊ.
ನಾಳೆಯೂ ಬೇಕು ನನಗೆ, ಈ ಬೆರಳು.'