ಒಳಸುತ್ತಿನ ಅಳತೆ

ಸ್ವಾನ್ಸಿಯ ಅರ್ಧ ಊರಿನ ಸೊಂಟ ನಾನು ಬಲ್ಲೆ.
ಮಂಜಿನಲ್ಲಿ ಜಾರಿದ ಮುದುಕಿಯರು,
ರಗ್ಬಿ ಆಡಿ ಕಾಲೆಳೆದುಕೊಂಡು ಬಂದ ಹುಡುಗರು,
ಏಣಿಯಿಂದ ಬಿದ್ದ ಪೇಂಟರ್,
ಎಲ್ಲರನ್ನೂ ತಣ್ಣನೆಯ ಹಲಗೆಗೆ ಒರಗಿಸಿ
ಉಸಿರು ಹಿಡೀರಿ, ಅಲುಗಾಡಬೇಡಿ ಎಂದು
ಗೋಡೆಯ ಹಿಂದೆ ಸರಿದು ಗುಂಡಿ ಒತ್ತುವವಳು ನಾನು.
ಪರದೆಯ ಮೇಲೆ ಬೆಳ್ಳಗೆ ಅರಳುತ್ತದೆ
ರೆಕ್ಕೆ ಬಿಚ್ಚಿದ ಏನೋ ಒಂದು, ನಡುವೆ ಕತ್ತಲೆಯ ಬಾವಿ.
ನನ್ನದನ್ನು ಮಾತ್ರ ನೋಡಿರಲಿಲ್ಲ.

ನೋಡಿದವಳು ನೀಲವ್ವತ್ತೆ,
ಗುಳೇದಗುಡ್ಡದ ಪಡಸಾಲೆಯಲ್ಲಿ, ಬರಿಗಣ್ಣಲ್ಲಿ.
ತಾಟು ಇಟ್ಟು ಹೊರಳಿದವಳ ಬೆನ್ನ ಹಿಂದೆ
"ಸೊಂಟ ಅಗಲ ಐತಿ, ಹಡಿಯೂದು ಸರಾಗ" ಎಂದು
ಅವಲಕ್ಕಿ ಬಾಯಿಗೆ ಹಾಕಿಕೊಂಡಳು.
ಹೊರಗಿನ ಅಗಲ ಒಳಗಿನದಲ್ಲ.
ಎಲುಬಿನ ಪಾಠ ಓದಿ ಪಾಸಾದ ನನಗೇ ಅದು
ಮೂವತ್ತೊಂದನೆಯ ತಾಸಿಗೆ ನೆನಪಾಯಿತು.

ಮೂವತ್ತೊಂದು ತಾಸು.
ಸಮುದ್ರ ಎರಡು ಸಲ ಬಂತು, ಎರಡು ಸಲ ಹೋಯಿತು
ಎಂದು ಗುರುಸಿದ್ದ ಕಿಟಕಿಯಿಂದ ವರದಿ ಕೊಟ್ಟ,
ಕ್ರಿಕೆಟ್ ಸ್ಕೋರಿನ ಹಾಗೆ. ಬೈದೆ. ಸುಮ್ಮನಾದ.
ಸೂಲಗಿತ್ತಿ ಗ್ಲೆನಿಸ್ ನನ್ನ ಬೆನ್ನು ತಿಕ್ಕುತ್ತ
ಕರ್ಯಾದ್, ಕರ್ಯಾದ್ ಎನ್ನುತ್ತಾಳೆ,
ಅವರ ವೆಲ್ಶ್ ಮಾತಿನಲ್ಲಿ ಮುದ್ದು.
ನೋವಿನ ಕಿವಿಗೆ ಕೇಳಿಸಿದ್ದು: ಕರೆಯದೆ, ಕರೆಯದೆ.
ಇನ್ನು ಯಾರನ್ನು ಕರೆಯಲಿ?
ಅವ್ವನನ್ನು ಕರೆದೆ. ಎಲ್ಲಮ್ಮನನ್ನು ಕರೆದೆ.
ಬರಬೇಕಾದವಳು ಮಾತ್ರ
ತನ್ನ ಬೆನ್ನು ನನ್ನ ಬೆನ್ನಿಗೆ ಆನಿಸಿ
ಮುಖ ಅತ್ತ ಮಾಡಿ
ಬಸ್ಸು ಬಂದರೂ ಏಳದವಳಂತೆ ಅಲ್ಲೇ.

ಡಾಕ್ಟರ್ ಬಂದಳು, ಬಲು ಎಳೆಯವಳು.
ಕೈಗವಸು ಕಳಚಿ, ಪೇಪರ್ ಟವೆಲ್ಲಿನ ಮೇಲೆ ಬರೆದು ತೋರಿಸಿದಳು:
ಕೆಲವರದು ದುಂಡಗೆ, ಕೆಲವರದು ಮೊಟ್ಟೆಯ ಹಾಗೆ,
ನಿಮ್ಮದು, ಖಚಿತವಲ್ಲ, ಹೃದಯದ ಆಕಾರ ಇರಬೇಕು.
ಮುಂದೆ ಕಿರಿದು. ತಲೆ ತಿರುಗಲು ಜಾಗವಿಲ್ಲ.
ನಕ್ಕೆನೋ ಅತ್ತೆನೋ.
ಫೆಬ್ರವರಿಯ ಕಾರ್ಡಿನ, ಬಲೂನಿನ,
ಚಾಕೊಲೇಟ್ ಡಬ್ಬಿಯ ಆ ಆಕಾರ
ಒಳಗೆ ಎಲುಬಾಗಿ ನಿಂತು
ಯಾರನ್ನೂ ಹೊರಗೆ ಬಿಡುತ್ತಿಲ್ಲ.
"ಮೊದಲೇ ಅಳೆಯಬಹುದಿತ್ತಲ್ಲ?" ಗುರುಸಿದ್ದ ಕೇಳಿದ.
"ಅಳೆದರೂ ತಿಳಿಯುವುದಿಲ್ಲ."

ಆಗ ನೆನಪಾಯಿತು ಕಪಾಟು.
ಗುಡ್ಡದ ಮೇಲಿನ ಸಾಲುಮನೆಗೆ ಬಂದ ದಿನ
ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು,
ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.
ಟೇಪಿನ ಲೆಕ್ಕದಲ್ಲಿ ಎರಡು ಇಂಚು ಉಳಿಯಬೇಕಿತ್ತು.
ಸಾಮಾನು ಸಾಗಿಸುವ ಡಿಲ್ವಿನ್ ಬೆವರೊರೆಸಿಕೊಂಡು
ಮೆಟ್ಟಿಲ ತಪ್ಪೂ ಅಲ್ಲ, ಕಪಾಟಿನ ತಪ್ಪೂ ಅಲ್ಲ ಎಂದು
ಚಹಾ ಕುಡಿದು, ಮೇಲಿನ ಕಿಟಕಿಯ ಚೌಕಟ್ಟನ್ನೇ ಕಿತ್ತ.
ಬೀದಿಯೆಲ್ಲ ಕತ್ತೆತ್ತಿ ನೋಡುತ್ತಿರಲು
ಹಗ್ಗದಲ್ಲಿ ತೂಗುತ್ತ ಬಂತು ಕಪಾಟು,
ಗಂಭೀರವಾಗಿ.

ಸಹಿ ಹಾಕಿದೆ. ಹೆಸರು ಅರ್ಧಕ್ಕೆ ನಿಂತಿತು.
ನೀಲಿ ಪರದೆ. ಎದೆಯಿಂದ ಕೆಳಗೆ ನಾನು ಬೇರೆಯವರ ಮನೆ.
ನೋವಿಲ್ಲ. ಕಳೆದ ಬೀಗದಕೈಗಾಗಿ
ಯಾರೋ ಡ್ರಾಯರ್ ತಡಕಾಡುವ ಹಾಗೆ.
ಆಮೇಲೆ, ಬೆಳಕಿನ ಮೇಲೆ ಸಿಟ್ಟಾಗಿ,
ತಲೆ ಮೊನಚಾದ, ಹಣೆಯಲ್ಲಿ ಕೆಂಪು ಗೀರಿನ
ಒಬ್ಬಳು.

ಫೋನಿನಲ್ಲಿ ನೀಲವ್ವತ್ತೆ:
"ಹೊಟ್ಟಿ ಕೊಯ್ದರೇನು? ಹಂಗಾದ್ರ ನೀ ಹಡೀಲೇ ಇಲ್ಲ ಬಿಡು."
ಮೂವತ್ತೊಂದು ತಾಸು ನಾಲಿಗೆಯ ತುದಿತನಕ ಬಂದು
ಅಲ್ಲೂ ಹೊರಗೆ ಬೀಳಲಿಲ್ಲ.

ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ.
ಹೊಲಿಗೆಯ ಸುತ್ತ ಅಂಗೈಯಷ್ಟು ಜಾಗ ಇನ್ನೂ ಜೋಮು.
ಇವತ್ತು ಮಿಸೆಸ್ ಬೆವನ್, ಎಂಬತ್ತಾರು, ಎಡ ಸೊಂಟ.
ಬಾವಿ ದುಂಡಗಿದೆ, ಐವರು ಇಳಿದುಹೋದ ದಾರಿ.
"ನಿನಗೆಷ್ಟು ಮಕ್ಕಳು, ಕರ್ಯಾದ್?"
"ಒಬ್ಬಳು. ಕಿಟಕಿಯಿಂದ ಬಂದಳು."
ನನ್ನ ಇಂಗ್ಲಿಷ್ ಕೈಕೊಟ್ಟಿತೆಂದುಕೊಂಡು
ಮುದುಕಿ ಮುರಿದ ಸೊಂಟ ಮರೆತು ನಕ್ಕಳು. ಚಿತ್ರ ಮಸುಕಾಯಿತು.
ಅಲುಗಾಡಬೇಡಿ ಎಂದೆ.
ಇನ್ನೊಮ್ಮೆ ಉಸಿರು ಹಿಡೀರಿ.