ಹೂಳೆತ್ತಿದ ಬಾವಿ

ಸೊರಬದ ರೆಕಾರ್ಡ್ ರೂಮಿನಲ್ಲಿ ನಕಾಶೆ ಬಿಚ್ಚಿದರೆ
ಮೊದಲು ಬರುವುದು ಊರಲ್ಲ, ಸೀನು.
ಬಟ್ಟೆಗೆ ಅಂಟಿಸಿದ ಹಾಳೆ. ಮಡಿಕೆಯುದ್ದಕ್ಕೂ ಹರಿದು
ಕೆರೆಗೂ ಗದ್ದೆಗೂ ನಡುವೆ ಬೆರಳಗಲ ಖಾಲಿ.
ಚೌಡೀಕೊಪ್ಪ, ಸಾವಿರದ ಎಂಟುನೂರ ಎಂಬತ್ತೊಂಬತ್ತು.

ಯಾವ ಪುಣ್ಯಾತ್ಮನ ಕೈಯೋ,
ಕಾನನ್ನು ಒಂದೊಂದೇ ಮರ ಬರೆದು ತುಂಬಿದ್ದಾನೆ,
ಬುಡಕ್ಕೆ ನೆರಳು ಕೂಡ ಇಟ್ಟಿದ್ದಾನೆ.
ಅವನ ಸಂಬಳಕ್ಕೆ ಅದು ಬೇಕಿರಲಿಲ್ಲ.

ಕಾನಿನ ತೆಂಕಣ ಮೂಲೆಗೆ, ನಲವತ್ತೇಳನೇ ನಂಬರಿನಲ್ಲಿ
ಹುಳ ಕೊರೆದ ಒಂದು ತೂತು.
ರಾಗಿಕಾಳಿನಷ್ಟು.

ಇಪ್ಪತ್ತೇಳರ ಪ್ರತಿಯಲ್ಲಿ
ಟ್ರೇಸಿಂಗ್ ಗುಮಾಸ್ತ ತೂತನ್ನೂ ಬಿಡದೆ ಎತ್ತಿಕೊಂಡ:
ಒಂದು ಸೊನ್ನೆ.
ಅರವತ್ತಾರರಲ್ಲಿ ಸೊನ್ನೆಯ ಪಕ್ಕ,
ಮುದ್ದಾದ ಅಕ್ಷರದಲ್ಲಿ, 'ಬಾವಿ'.

ಮೂರರ ಟ್ರೇಸಿಂಗ್ ಒಂದರ ಮೇಲೊಂದಿಟ್ಟು
ಕಿಟಕಿಯ ಬಿಸಿಲಿಗೆ ಹಿಡಿದಾಗ ಒಬ್ಬಳೇ ನಕ್ಕೆ.
ಮರುದಿನ ಚೈನು ಹೊರಿಸಿಕೊಂಡು ಹೋದರೆ
ನಲವತ್ತೇಳರಲ್ಲಿ ಗುತ್ಯಮ್ಮ ನೀರು ಸೇದುತ್ತಿದ್ದಾಳೆ.

"ಬಾವಿನಾ? ನಮ್ಮಜ್ಜನ ಕಾಲ್ದಾಗೂ ಇರ್ಲಿಲ್ಲ ತಗಿ.
ಪಂಚಾಯ್ತಿಯೋರು ನಕಾಶಿ ಹಿಡ್ಕಂಡು ಬಂದ್ರು,
ಹಳೇ ಬಾವಿ ಹೂಳೆತ್ತೋ ಕೆಲ್ಸ ಮಂಜೂರಾಗೈತಿ ಅಂದ್ರು.
ಕೂಲಿ ಬರ್ತೈತಿ, ನಮಗೇನು, ಅಗೆದ್ವಿ.
ಹದಿನೆಂಟಡಿ ತನಕ ಹೂಳೇ ಇಲ್ಲ, ಬರೀ ಜಂಬಿಟ್ಟಿಗೆ.
ಹತ್ತೊಂಬತ್ತಕ್ಕೆ ನೀರು ಬಂತು ನೋಡು."

ತಂಬಿಗೆ ಕೊಟ್ಟಳು. ಕುಡಿದೆ. ತಣ್ಣಗಿತ್ತು.
ಶಾಯಿಯ ವಾಸನೆಯೇನೂ ಇರಲಿಲ್ಲ.

ಕಾನು ಎಲ್ಲಿ ಎಂದೆ.
ಗದ್ದವೆತ್ತಿ ತೋರಿಸಿದಳು. ಅಕೇಶಿಯಾ,
ಚೈನು ಹಿಡಿದು ನೆಟ್ಟ ಸಾಲು,
ಬುಡದಲ್ಲಿ ಗರಿಕೆಯೂ ಇಲ್ಲ.
"ಉಪ್ಪಾಗೆ ಆರಿಸೋಕೆ ಅವ್ವ ಹೋಗ್ತಿದ್ಲು ಅಲ್ಲಿ.
ಮಧ್ಯಾಹ್ನದಾಗೂ ಕೂಗ್ತಾ ಹೋಗ್ಬೇಕಿತ್ತಂತೆ,
ಒಬ್ರಿಗೊಬ್ರು ಕಾಣ್ತಿರ್ಲಿಲ್ಲ."
ಹಗ್ಗ ಸುತ್ತಿಟ್ಟು, ಕೊಡ ಸೊಂಟಕ್ಕಿಟ್ಟು ಹೊರಟಳು.

ಸಂಜೆ ಹೊಸ ನಕ್ಷೆಯಲ್ಲಿ ಬರೆದೆ:
ನಂಬರ್ ನಲವತ್ತೇಳು, ಬಾವಿ, ಇದೆ.
ಸಹಿಗೆ ಮುಂಚೆ ಪೆನ್ಸಿಲ್ ಇನ್ನಷ್ಟು ಚೂಪು ಮಾಡಿ
ಅಕೇಶಿಯಾ ಸಾಲಿನ ನಡುವೆ, ಯಾರೂ ಕೇಳದ ಕಡೆ
ಎಂಟೋ ಒಂಬತ್ತೋ ಮರ ಬರೆದೆ,
ಬುಡಕ್ಕೆ ನೆರಳಿಟ್ಟು.

ಅಳತೆಗೆ ಅದು ಸುಳ್ಳು. ಗೊತ್ತು.
ಐವತ್ತು ವರ್ಷ ಕಳೆದು ಯಾವನೋ ಗುಮಾಸ್ತ,
ಊಟದ ಹೊತ್ತು ಮೀರಿದೆಯೆಂದು ಅವಸರದಲ್ಲಿ
ಪ್ರತಿ ಎತ್ತುವಾಗ
ತಪ್ಪು ಓದಲಿ.